ಮನಸ್ಸಿನ ಚಿಕಿತ್ಸೆಗೆ ಮನೆಯವರೇ ಅಡ್ಡಿಯಾಗಬೇಕೇ?

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿದ್ದ ಖಾಸಗಿ ಮನೋರೋಗಿಗಳ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಒಳಗಿದ್ದವರಿಗೆ ಓಡಿ ಪಾರಾಗಲು ಸಾಧ್ಯವಾಗಲಿಲ್ಲ. ಅವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. 28 ಮಂದಿ ಪ್ರಾಣ ಕಳೆದುಕೊಂಡರು. ಅಂತಹ ಕಡೆಗಳಿಗೆ ರೋಗಿಗಳನ್ನು ತಂದು ಬಿಡುತ್ತಿದ್ದವರು ಹೆಚ್ಚಾಗಿ ಅವರ ಹೆತ್ತವರು, ಒಡಹುಟ್ಟಿದವರು, ಬಂಧುಗಳು. ಸುಪ್ರೀಮ್ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮುಂದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿತು. ಆದರೆ 'ಜನ ಏನೆನ್ನುವರು' ಎಂಬ ಭಯದಿಂದ ನಮ್ಮ ಮನೆಗಳಲ್ಲಿ ರೋಗಿಗಳಿಗೆ ತೊಡಿಸಲಾಗುವ ಸರಪಳಿಯನ್ನು ಕಳಚುವ ಕಾಯ್ದೆ ಎಲ್ಲಿದೆ?

ಮನಸ್ಸು ಕಾಯಿಲೆ ಬಿದ್ದವರಿಗೆ ಸಮುದಾಯ ನೀಡುತ್ತಾ ಬಂದಿರುವ ಉತ್ತರಗಳು ಎರಡು. ಒಂದು ವರ್ಗಕ್ಕೆ ಎಲ್ಲವೂ ಜಿನ್ನ್ ಬಾಧೆ ಅಥವಾ ಮಾಟ. ನಿದ್ದೆ ಬಾರದ ಬಾಣಂತಿಗೂ, ಪರೀಕ್ಷೆಯ ಭಯಕ್ಕೆ ನಡುಗುವ ವಿದ್ಯಾರ್ಥಿಗೂ ಒಂದೇ ಮದ್ದು: ತಾಯಿತ, ಮಂತ್ರಿಸಿದ ನೂಲು ಮತ್ತು ಕಾಣಿಕೆಯ ಹೆಸರಲ್ಲಿ ಸಾವಿರಾರು ರೂಪಾಯಿ. ಇನ್ನೊಂದು ವರ್ಗ ತಾಯಿತವನ್ನು ಖಂಡಿಸುತ್ತದೆ. ನಾವೂ ಖಂಡಿಸುತ್ತೇವೆ. ಆದರೆ ತಾಯಿತ ಕಿತ್ತೆಸೆದ ಬಳಿಕ ಅದು ರೋಗಿಗೆ ಕೊಡುವುದು ಒಂದು ದೋಷಾರೋಪವನ್ನು ಮಾತ್ರ: 'ನಿನ್ನ ಈಮಾನ್ ದುರ್ಬಲವಾಗಿದೆ, ನಮಾಝ್ ಸರಿಯಾಗಿ ಮಾಡು, ಎಲ್ಲ ಗುಣವಾಗುತ್ತದೆ.' ಮಧುಮೇಹಿಗೆ ಯಾರೂ ಹೀಗೆ ಹೇಳುವುದಿಲ್ಲ. ಎಲುಬು ಮುರಿದವನನ್ನು ಯಾರೂ ಉಪದೇಶ ಮಾಡಿ ಮಲಗಿಸುವುದಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ಈ ನಿರ್ದಯತೆಗೆ ಧರ್ಮದ ಹೆಸರೇಕೆ?

ಪ್ರವಾದಿ ಯಾಕೂಬ್(ಅ)ರು ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ದೃಷ್ಟಿ ಕಳೆದುಕೊಂಡರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನನ್ನು ಪ್ರಶ್ನಿಸುವುದಿಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಆದೇಶಿಸಿದಾಗ ಮನಸ್ಸಿನ ಕಾಯಿಲೆಯನ್ನು ಅದರಿಂದ ಹೊರಗಿಡಲಿಲ್ಲ. ಹತ್ತನೆಯ ಶತಮಾನದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥ ರಚಿಸಿ, ಅದರಲ್ಲಿ ಭಯ, ಕೋಪ, ದುಃಖ ಹಾಗೂ ಗೀಳುಗಳನ್ನು ಪ್ರತ್ಯೇಕವಾಗಿ ಚರ್ಚಿಸಿದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣ ತಿಳಿಯದ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. 1284ರಲ್ಲಿ ಕೈರೋದಲ್ಲಿ ಸ್ಥಾಪನೆಯಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಈ ಪರಂಪರೆಯ ಬಗ್ಗೆ ವೇದಿಕೆಗಳಲ್ಲಿ ಹೆಮ್ಮೆಪಡುವ ನಾವು, ಮನೆಯ ಮಗಳು 'ನನಗೆ ಬದುಕು ಭಾರವಾಗಿದೆ' ಎಂದಾಗ ಬಾಯಿ ಮುಚ್ಚಿಸುತ್ತೇವೆ.

ಇತ್ತೀಚಿನ ವರ್ಷಗಳಲ್ಲಿ ಕೆಲವು ಕುಟುಂಬಗಳು ಧೈರ್ಯ ಮಾಡಿ ಚಿಕಿತ್ಸಕರ ಬಳಿಗೆ ಹೋಗುತ್ತಿವೆ. ಆದರೆ ಎರಡು ಭೇಟಿಗಳಾಗುತ್ತಲೇ 'ಏನೂ ಪ್ರಯೋಜನವಿಲ್ಲ, ಬರೇ ಮಾತು' ಎಂದು ನಿಲ್ಲಿಸಿಬಿಡುವವರಿದ್ದಾರೆ. ಮನೋಚಿಕಿತ್ಸೆಯೆಂದರೆ ಏನೆಂದು ತಿಳಿಯದೆ ಹೋಗುವುದೇ ಇದಕ್ಕೆ ಕಾರಣ. ಅದು ಇಂಜೆಕ್ಷನ್ ಅಲ್ಲ. ಮನೋವೈದ್ಯರು ಔಷಧ ನೀಡಬಲ್ಲ ವೈದ್ಯರು. ಮನಃಶಾಸ್ತ್ರಜ್ಞರು ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು. ಕೆಲವರಿಗೆ ಒಂದು ಸಾಕು, ಕೆಲವರಿಗೆ ಎರಡೂ ಬೇಕು. ಮೊದಲ ಭೇಟಿಯು ಬಹುತೇಕ ಪ್ರಶ್ನೆಗಳಲ್ಲೇ ಕಳೆಯುತ್ತದೆ: ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಸಾಯುವ ಯೋಚನೆ ಬಂದಿದೆಯೇ? ಈ ಕೊನೆಯ ಪ್ರಶ್ನೆಯಿಂದ ಯಾರೂ ಗಾಬರಿಯಾಗಬೇಕಿಲ್ಲ. ಅದನ್ನು ಕೇಳುವುದು ಚಿಕಿತ್ಸಕರ ಕರ್ತವ್ಯ. ಬಳಿಕ ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಭೇಟಿ. ಹಲವು ತೊಂದರೆಗಳಿಗೆ ಹತ್ತಿಪ್ಪತ್ತು ಭೇಟಿಗಳು ಬೇಕಾಗಬಹುದು. ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನೂ ಕೊಡುತ್ತಾರೆ. ಹೂತಿಟ್ಟ ನೋವನ್ನು ಹೊರತೆಗೆಯುವಾಗ ಆರಂಭದ ವಾರಗಳಲ್ಲಿ ಮನಸ್ಸು ಇನ್ನಷ್ಟು ಭಾರವಾದೀತು. ಅದನ್ನು ಕಂಡು ಓಡಿಹೋಗದೆ ಚಿಕಿತ್ಸಕರಿಗೇ ಹೇಳಬೇಕು. ಅವರು ಹೊಂದಿಕೆಯಾಗದಿದ್ದರೆ ಬೇರೊಬ್ಬರನ್ನು ಹುಡುಕಬಹುದು, ಚಿಕಿತ್ಸೆಯನ್ನೇ ಕೈಬಿಡಬಾರದು. ಅರ್ಹತೆ ಏನೆಂದು ಕೇಳುವುದೂ ಅಗೌರವವಲ್ಲ. ಫಲಕ ತೂಗುಹಾಕಿದವರೆಲ್ಲ ತರಬೇತಾದವರಲ್ಲ.

ಅತಿ ದೊಡ್ಡ ಅಡ್ಡಿ ಬಾಗಿಲಾಚೆ ಕುಳಿತಿರುತ್ತದೆ. ಸೊಸೆಯನ್ನು ಕರೆತಂದ ಅತ್ತೆ, ಹೆಂಡತಿಯನ್ನು ಕರೆತಂದ ಗಂಡ ತಾವೂ ಒಳಗೆ ಕುಳಿತುಕೊಳ್ಳುತ್ತೇವೆಂದು ಹಟ ಹಿಡಿಯುತ್ತಾರೆ. ಹೊರಗೆ ಬಂದೊಡನೆ 'ಏನು ಹೇಳಿದೆ? ನಮ್ಮ ಬಗ್ಗೆ ಹೇಳಿದೆಯಾ?' ಎಂಬ ವಿಚಾರಣೆ. ಹೀಗಾದರೆ ಮುಂದಿನ ವಾರ ಅವಳು ಸುಳ್ಳು ಹೇಳುತ್ತಾಳೆ ಅಥವಾ ಮೌನವಾಗುತ್ತಾಳೆ. ಜೀವಾಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವು ಅಪವಾದಗಳ ಹೊರತು ಗೌಪ್ಯತೆಯು ರೋಗಿಯ ಹಕ್ಕೆಂದು 2017ರ ಕಾಯ್ದೆ ಹೇಳುತ್ತದೆ. ಇತರರ ಗುಟ್ಟುಗಳನ್ನು ಕೆದಕಬಾರದೆಂದು ಕುರ್‌ಆನ್ ಅದಕ್ಕೂ ಬಹಳ ಹಿಂದೆಯೇ ಕಲಿಸಿದೆ. ನಾವು ಪಾಲಿಸಿದ್ದು ಯಾವುದನ್ನು?

ಚಿಕಿತ್ಸಕರು ದೀನ್‌ನಿಂದ ದೂರ ಮಾಡುತ್ತಾರೆಂಬ ಭಯವೂ ಇದೆ. ವುಝೂವಿನ ವಸ್‌ವಾಸ್‌ನ ಉದಾಹರಣೆಯನ್ನೇ ನೋಡೋಣ. ಕೈ ತೊಳೆದದ್ದು ಸಾಲದೆಂದು ಹತ್ತಾರು ಬಾರಿ ತೊಳೆದು, ನಮಾಝಿನ ವೇಳೆಯನ್ನೇ ಕಳೆದುಕೊಳ್ಳುವವರಿದ್ದಾರೆ. ಮನೆಯವರು ಇದನ್ನು ಭಕ್ತಿಯೆಂದು ಮೆಚ್ಚುತ್ತಾರೆ. ಅಥವಾ ಸೋಮಾರಿತನವೆಂದು ಗದರುತ್ತಾರೆ. ಇದು ಗೀಳು ಕಾಯಿಲೆ. ಒಮ್ಮೆ ತೊಳೆದು, ಸಂಶಯ ಎಷ್ಟೇ ಕಾಡಿದರೂ ಪುನಃ ತೊಳೆಯದೆ ಆ ಕಳವಳವನ್ನು ತಾಳಿಕೊಳ್ಳಲು ಚಿಕಿತ್ಸಕರು ಹಂತಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಸಂಶಯವು ಖಚಿತತೆಯನ್ನು ಅಳಿಸಲಾರದೆಂಬುದು ಫಿಕ್ಹ್‌ನ ಪ್ರಸಿದ್ಧ ತತ್ವವೇ ಅಲ್ಲವೇ? ಇಲ್ಲಿ ಉಸ್ತಾದರೂ ಚಿಕಿತ್ಸಕರೂ ಒಂದೇ ಮಾತನ್ನಾಡಬಲ್ಲರು, ಪರಸ್ಪರ ಮಾತನಾಡಿದರೆ. ದುಆ ಮತ್ತು ಕುರ್‌ಆನ್ ಪಾರಾಯಣಗಳು ರೋಗಿಗೆ ನೆಮ್ಮದಿ ನೀಡುತ್ತವೆ; ಅವುಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅವುಗಳನ್ನು ಚಿಕಿತ್ಸೆಯ ವಿರುದ್ಧ ನಿಲ್ಲಿಸಬಾರದೆಂದಷ್ಟೇ ಹೇಳುತ್ತಿದ್ದೇವೆ.

ಸರಕಾರವೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ನಡೆಸಿತ್ತು. 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ಆದರೂ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗನುಗುಣವಾಗಿ ಶೇ. 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಂದ ಹೊರಗಿದ್ದರು. ಕೈಗೆಟಕುವ ಚಿಕಿತ್ಸೆ ಹಕ್ಕೆಂದು ಕಾನೂನು ಹೇಳುವಾಗ, ದಿನಗೂಲಿಯವನು ಪ್ರತಿ ವಾರ ಖಾಸಗಿ ಚಿಕಿತ್ಸಕರ ಶುಲ್ಕ ಎಲ್ಲಿಂದ ತರಬೇಕು? ಮಾತಿನ ಚಿಕಿತ್ಸೆಗೆ ಸಮಯ ಬೇಕು. ಸಮಯ ಕೊಡಲು ಸಿಬ್ಬಂದಿ ಬೇಕು. ನಮ್ಮ ಜನಪ್ರತಿನಿಧಿಗಳ ಮುಂದೆ ಈ ಬೇಡಿಕೆಯನ್ನೂ ಇಡಬೇಕು.

ಅದಕ್ಕಾಗಿ ಕಾದು ಕುಳಿತುಕೊಳ್ಳಬೇಕಾಗಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದು. ಪ್ರತಿ ಮಸೀದಿಯ ಸೂಚನಾಫಲಕದಲ್ಲಿ ಈ ಸಂಖ್ಯೆ ಇರಲಿ. ಜಮಾಅತ್ ಸಮಿತಿಗಳು ಅರ್ಹ ಚಿಕಿತ್ಸಕರನ್ನು, ಮುಖ್ಯವಾಗಿ ಮಹಿಳಾ ಚಿಕಿತ್ಸಕರನ್ನು, ಗುರುತಿಸಿ ಬಡವರ ಶುಲ್ಕ ಭರಿಸಲಿ. ಖತೀಬರು ವರ್ಷಕ್ಕೊಂದು ಖುತ್‌ಬಾವನ್ನಾದರೂ ಇದಕ್ಕೆ ಮೀಸಲಿಡಲಿ. ಆತ್ಮಹತ್ಯೆಯ ಮಾತನ್ನಾಡಿದವರನ್ನು ಹರಾಮ್ ಎಂದು ಹೆದರಿಸಿ ಸುಮ್ಮನಾಗುವ ಬದಲು ಅಂದೇ ಆಸ್ಪತ್ರೆಗೆ ಕರೆದೊಯ್ಯಲಿ. ಜನಾಝಾದ ದಿನ 'ಮೊದಲೇ ಹೇಳಬಾರದಿತ್ತೇ' ಎಂದು ಅಳುವುದಕ್ಕಿಂತ, ಇಂದು ಹೇಳಲು ಬಂದವರಿಗೆ ಕಿವಿಗೊಡುವುದು ನಮ್ಮ ಮೇಲಿರುವ ಹೊಣೆ. ಒಂದು ಜೀವವನ್ನು ಉಳಿಸಿದವನು ಸಕಲ ಮಾನವರನ್ನು ಉಳಿಸಿದಂತೆ ಎಂದು ನಂಬುವ ಸಮುದಾಯಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕೇ?