ನೌಕರಿಯ ಆಸೆ ಮತ್ತು ಅರ್ಹತೆಯ ಅರಿವು

2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅಲ್ಲಿಯವರೆಗೆ ಬೆಂಗಳೂರು, ಮಂಗಳೂರುಗಳ ಮಾತಾಗಿದ್ದ ವಿಮಾನಯಾನವು ಚನ್ನಗಿರಿ ತಾಲೂಕಿನ ನಲ್ಲೂರಿನಂತಹ ಅಡಿಕೆ ಸೀಮೆಯ ಊರುಗಳಿಗೂ ಸಮೀಪವಾಯಿತು. ಆದರೆ ಈ ಕ್ಷೇತ್ರದ ಕುರಿತು ನಮ್ಮ ಸಮುದಾಯದ ತಿಳುವಳಿಕೆ ಇನ್ನೂ ಎರಡು ತುದಿಗಳಲ್ಲೇ ನಿಂತಿದೆ: ಒಂದೋ ಪೈಲಟ್, ಇಲ್ಲವೇ ಸಾಮಾನು ಹೊರುವ ಕೂಲಿ.

ಇವೆರಡರ ನಡುವೆ ಸ್ಪಷ್ಟವಾಗಿ ವಿಂಗಡಿಸಲಾದ ಹಲವು ಮೆಟ್ಟಿಲುಗಳಿವೆ. ಸರಕು ನಿರ್ವಹಣೆ, ಪ್ರಯಾಣಿಕರ ಸೇವೆ, ಭದ್ರತೆ ಮುಂತಾದ ಕೆಲಸಗಳಿಗೆ ಬೇಕಾದ ಕೌಶಲಗಳನ್ನು ಬೆಂಗಳೂರಿನಲ್ಲಿ ಕಚೇರಿಯಿರುವ ಈ ಕ್ಷೇತ್ರದ ಕೌಶಲ ಮಂಡಳಿಯು ನಿರೂಪಿಸಿ, ರಾಷ್ಟ್ರೀಯ ಅರ್ಹತಾ ಚೌಕಟ್ಟಿನ ಹಂತಗಳಲ್ಲಿ ಇರಿಸಿದೆ. ಆದರೆ ದುರಸ್ತಿಯಾದ ವಿಮಾನವು ಹಾರಲು ಯೋಗ್ಯವೆಂದು ಸಹಿ ಹಾಕುವವನಿಗೆ ಇಂತಹ ಪ್ರಮಾಣಪತ್ರ ಸಾಲದು. ಅವನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿಯೇ ಬೇಕು. ಅದರಲ್ಲಿ ಬಿ1 ವರ್ಗ ಎಂಜಿನ್ ಮತ್ತು ಯಾಂತ್ರಿಕ ವ್ಯವಸ್ಥೆಗೆ, ಬಿ2 ವರ್ಗ ವಿದ್ಯುನ್ಮಾನ ಉಪಕರಣಗಳಿಗೆ ಸಂಬಂಧಿಸಿದ್ದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಬಳಿಕ ನಿರ್ದೇಶನಾಲಯದ ಪರೀಕ್ಷೆಗಳನ್ನು ಗೆದ್ದು, ಕೆಲಸದ ಅನುಭವ ಪಡೆದವರಿಗಷ್ಟೇ ಅದು ದಕ್ಕುತ್ತದೆ.

ಪ್ರಮಾಣಪತ್ರ ಬೇರೆ, ಪರವಾನಗಿ ಬೇರೆ. ಈ ವ್ಯತ್ಯಾಸ ಅರಿಯದ ಬಡ ತಂದೆತಾಯಿಗಳೇ 'ಏರ್‌ಪೋರ್ಟ್ ನೌಕರಿ ಖಚಿತ' ಎಂಬ ಜಾಹೀರಾತುಗಳಿಗೆ ಸುಲಭದ ತುತ್ತು. ಒಡವೆ ಅಡವಿಟ್ಟು ಶುಲ್ಕ ಕಟ್ಟುವ ಮುನ್ನ, ಈ ಕೋರ್ಸಿಗೆ ಮಾನ್ಯತೆ ನೀಡಿದವರು ಯಾರು, ಇದು ಯಾವ ಕೆಲಸಕ್ಕೆ ಅರ್ಹತೆ ಕೊಡುತ್ತದೆ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳಬೇಕು.

ಅರ್ಹತೆಯ ಈ ಕಟ್ಟುನಿಟ್ಟು ಬಡವರನ್ನು ದೂರವಿಡಲು ಹೂಡಿದ ತಂತ್ರವಲ್ಲ. 2010ರ ಮೇ 22ರ ಮಂಗಳೂರು ದುರಂತದಲ್ಲಿ 158 ಮಂದಿ ಅಸುನೀಗಿದರು. ಇಳಿಯದೆ ಮರಳಿ ಮೇಲೇರಬೇಕೆಂದು ಸಹ ಪೈಲಟ್ ಎಚ್ಚರಿಸಿದ್ದರೂ ಕ್ಯಾಪ್ಟನ್ ಅದಕ್ಕೆ ಓಗೊಡಲಿಲ್ಲವೆಂದು ತನಿಖೆ ತಿಳಿಸಿತು. ಕಿರಿಯನ ಮಾತಿಗೆ ಕಿವಿಗೊಡುವುದೂ ಇಲ್ಲಿ ಕಲಿತು ರೂಢಿಸಿಕೊಳ್ಳಬೇಕಾದ ಕೌಶಲವೇ. ಪರರ ಪ್ರಾಣವು ನಮ್ಮ ಕೈಯಲ್ಲಿರುವ ಅಮಾನತ್ ಎಂದು ನಂಬುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮಸೀದಿ ಕಮಿಟಿಗಳು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಸನ್ಮಾನ ಸಮಾರಂಭಕ್ಕಷ್ಟೇ ತೃಪ್ತರಾಗದೆ, ಹೆಣ್ಣುಮಕ್ಕಳನ್ನೂ ಒಳಗೊಂಡಂತೆ ಮಾರ್ಗದರ್ಶನ ಶಿಬಿರ ನಡೆಸಲಿ. ಸರಕಾರವು ಈ ಅರ್ಹತೆಗಳ ವಿವರವನ್ನು ಕನ್ನಡ, ಉರ್ದುಗಳಲ್ಲಿ ಊರೂರಿಗೆ ತಲುಪಿಸಲಿ. ಪಿಯುಸಿಯ ವಿಷಯಗಳನ್ನು ಆಯ್ದುಕೊಳ್ಳುವ ದಿನವೇ ಅನೇಕ ಬಾಗಿಲುಗಳು ತೆರೆಯುತ್ತವೆ ಅಥವಾ ಮುಚ್ಚುತ್ತವೆ. ಆ ದಿನ ಕಳೆದ ಮೇಲೆ ಪಕ್ಷಪಾತದ ದೂರು ಹೇಳಿ ಪ್ರಯೋಜನವಿಲ್ಲ.