ಕಾಂಗ್ ಸಾಯಲಿ ಬಿಡಿ

1998ರಲ್ಲಿ 'ದಿ ಮೈಟಿ ಕಾಂಗ್' ಅಂತ ಒಂದು ಕಾರ್ಟೂನ್ ಸಿನಿಮಾ ಬಂತು. ನಿಮ್ಮಲ್ಲಿ ಹೆಚ್ಚಿನವರು ಹೆಸರು ಕೇಳಿರಲಿಕ್ಕಿಲ್ಲ, ನೇರವಾಗಿ ವಿಡಿಯೋ ಕ್ಯಾಸೆಟ್ಟಿಗೆ ಇಳಿದ ಚಿತ್ರ ಅದು. 1933ರ 'ಕಿಂಗ್ ಕಾಂಗ್' ಕತೆಯನ್ನೇ ಇಟ್ಟುಕೊಂಡು, ನಡುನಡುವೆ ಹಾಡು ಸೇರಿಸಿ, ಪುಟಾಣಿಗಳಿಗೆ ಅಂತ ಮಾಡಿದ್ದು. ಕಾಂಗ್ ಇದರಲ್ಲೂ ನ್ಯೂಯಾರ್ಕಿಗೆ ಬರ್ತಾನೆ, ಇದರಲ್ಲೂ ಎಂಪೈರ್ ಸ್ಟೇಟ್ ಕಟ್ಟಡದಿಂದ ಬೀಳ್ತಾನೆ. ಆದ್ರೆ ಸಾಯೋದಿಲ್ಲ. ಬದುಕಿಬಿಡ್ತಾನೆ!

ನನ್ನ ಜಗಳ ಇರೋದು ಈ 'ಬದುಕಿಬಿಡ್ತಾನೆ' ಜೊತೆಗೆ.

ಮೊದಲೇ ಹೇಳಿಬಿಡ್ತೀನಿ, ಭಯಂಕರ ಪ್ರಾಣಿಯ ಸಿನಿಮಾಕ್ಕೆ ಹಾಡು ಹಾಕಿದ್ರು, ಕಾರ್ಟೂನ್ ಮಾಡಿದ್ರು ಅಂತ ನನಗೆ ಸಿಟ್ಟಿಲ್ಲ. ಯಾಕಂದ್ರೆ ಹಳೇ 'ಕಿಂಗ್ ಕಾಂಗ್' ಕೂಡಾ ಒಂದು ರೀತೀಲಿ ಅನಿಮೇಷನ್ನೇ. ತೆರೆ ತುಂಬ ಕಾಣುವ ಆ ದೈತ್ಯ ನಿಜಕ್ಕೂ ಸುಮಾರು ಒಂದೂವರೆ ಅಡಿ ಎತ್ತರದ ಬೊಂಬೆ. ಒಳಗೆ ಕೀಲು ಕೀಲಾಗಿ ಬಾಗುವ ಲೋಹದ ಎಲುಬು, ಮೇಲೆ ಮೊಲದ ಚರ್ಮ. ವಿಲ್ಲಿಸ್ ಒಬ್ರಿಯನ್ ಅನ್ನೋ ಮಹಾಶಯ ಅದರ ಕೈಕಾಲು ಒಂದಿಷ್ಟೇ ಇಷ್ಟು ಕದಲಿಸಿ, ಒಂದು ಫ್ರೇಮ್ ತೆಗೆದು, ಮತ್ತೆ ಕದಲಿಸಿ, ಮತ್ತೆ ತೆಗೆದು... ಒಂದು ಸೆಕೆಂಡಿಗೆ 24 ಸಲ! ಗಮನಿಸಿ ನೋಡಿದ್ರೆ ಕಾಂಗ್‌ನ ಕೂದಲು ಸುಮ್ಮಸುಮ್ಮನೆ ಅಲುಗಾಡ್ತಾ ಇರುತ್ತೆ. ಅದು ಗಾಳಿಯಲ್ಲ, ಬೊಂಬೆ ಮುಟ್ಟಿದವರ ಬೆರಳಿನ ಗುರುತು.

ಇನ್ನು ಸಂಗೀತ. ಮ್ಯಾಕ್ಸ್ ಸ್ಟೈನರ್ ಮಾಡಿದ ಕೆಲಸ ನೋಡಿ. ಟೈಟಲ್ ಕಾರ್ಡ್ ಮುಗಿದ ಮೇಲೆ ನ್ಯೂಯಾರ್ಕಿನ ದೃಶ್ಯಗಳಿಗೆ ಹಿನ್ನೆಲೆ ಸಂಗೀತವೇ ಇಲ್ಲ. ಬರೀ ಮಾತು, ಹಸಿವು, ವ್ಯವಹಾರ. ಹಡಗು ಮಂಜಿನೊಳಗೆ ನುಗ್ಗಿ ದ್ವೀಪದ ಹತ್ತಿರ ಬಂದಾಗಲೇ ವಾದ್ಯಗಳು ಮೆಲ್ಲಗೆ ಶುರುವಾಗೋದು. ಅಲ್ಲಿಂದಾಚೆ ಕಾಂಗ್‌ನ ಹೆಜ್ಜೆ, ಕೋಪ, ನೋವು ಎಲ್ಲಾ ವಾದ್ಯಗಳಲ್ಲೇ ಕೇಳಿಸುತ್ತೆ. ಮಾತು ಬಾರದ ಪ್ರಾಣಿಗೆ ಸ್ಟೈನರ್ ಸಂಗೀತವನ್ನೇ ನಾಲಗೆಯಾಗಿ ಕೊಟ್ಟ.

ಅಂದ ಮೇಲೆ ಅನಿಮೇಷನ್ನೂ ಇತ್ತು, ಸಂಗೀತವೂ ಇತ್ತು. 1998ರ ಚಿತ್ರಕ್ಕೆ ಸೇರಿದವರೂ ಸಾಮಾನ್ಯರಲ್ಲ. ಹಾಡು ಬರೆದವರು ಶೆರ್ಮನ್ ಸಹೋದರರು: 'ಮೇರಿ ಪಾಪಿನ್ಸ್' (1964) ಹಾಡುಗಳನ್ನು ಕೊಟ್ಟವರು, 'ಜಂಗಲ್ ಬುಕ್' (1967) ಚಿತ್ರದಲ್ಲಿ ವಾನರರಾಜ ಲೂಯಿಯನ್ನು ಕುಣಿಸಿದವರು. ಅಂದ್ರೆ ವಾನರನಿಗೆ ಹಾಡು ಬರೆದು ಕೈ ಪಳಗಿದವರು :-) ನಾಯಕಿ ಆನ್‌ಗೆ ದನಿ ಜೋಡಿ ಬೆನ್ಸನ್ ಅವರದ್ದು, 'ಲಿಟಲ್ ಮರ್ಮೇಡ್' (1989) ಚಿತ್ರದ ಏರಿಯಲ್. ಕಾಂಗ್‌ನನ್ನು ಹಿಡಿದು ತರುವ ಸಿನಿಮಾದವ ಡೆನ್ಹ್ಯಾಮ್‌ಗೆ ಡಡ್ಲಿ ಮೂರ್. ಇಷ್ಟೆಲ್ಲ ಇದ್ದೂ ಚಿತ್ರ ಯಾಕೆ ಸಪ್ಪೆ? ಮಕ್ಕಳು ಅತ್ತುಬಿಟ್ಟರೆ ಅನ್ನೋ ಹೆದರಿಕೆ ಚಿತ್ರದ ಉದ್ದಕ್ಕೂ ಕಾಣುತ್ತೆ, ಅದಕ್ಕೆ.

ಹೋದ ವರ್ಷ ಅಕ್ಕನ ಮಗನ ಜೊತೆ ಕೂತು 1933ರ ಚಿತ್ರ ನೋಡಿದ್ದೆ. ಅವನಿಗೆ ಒಂಬತ್ತು ವರ್ಷ. ಕಪ್ಪು ಬಿಳುಪು ಅಂತ ಮೊದಲು ಮೂಗು ಮುರಿದ. ಕಾಂಗ್ ಡೈನೋಸಾರಿನ ದವಡೆ ಮುರಿದು ಹಾಕಿ, ಆಮೇಲೆ ಅದು ಸತ್ತಿದೆಯೋ ಇಲ್ವೋ ಅಂತ ಆ ದವಡೆಯನ್ನು ತೆರೆದು ಮುಚ್ಚಿ ಆಡಿಸಿ ನೋಡ್ತಾನಲ್ಲ, ಅಲ್ಲಿ ಬಿದ್ದು ಬಿದ್ದು ನಕ್ಕ. ಕೊನೆಗೆ ಕಟ್ಟಡದ ತುದಿಯಲ್ಲಿ ಕಾಂಗ್ ಎದೆಯ ಗಾಯ ಮುಟ್ಟಿಕೊಂಡು ಕೈ ನೋಡಿಕೊಳ್ತಾನೆ. ಆಮೇಲೆ ಆನ್‌ಳನ್ನು ಒಮ್ಮೆ ಎತ್ತಿಕೊಂಡು ಮತ್ತೆ ಮೆಲ್ಲಗೆ ಇಳಿಸ್ತಾನೆ. ಹುಡುಗ ಸುಮ್ಮನಾಗಿದ್ದ. ಕಣ್ಣಲ್ಲಿ ನೀರಿತ್ತು. ಕೆಳಗೆ ಹೆಣದ ಪಕ್ಕ ನಿಂತ ಡೆನ್ಹ್ಯಾಮ್, ಇವನನ್ನು ಕೊಂದಿದ್ದು ವಿಮಾನಗಳಲ್ಲ, ಆ ಚೆಲುವು ಅನ್ನೋ ಅರ್ಥದ ಮಾತು ಹೇಳ್ತಾನೆ ನೋಡಿ, ಆಗ ಹುಡುಗ ಎದ್ದು ನಿಂತ.

"ಸುಳ್ಳು! ಇವನೇ ತಾನೇ ಮಾಮ ಅದನ್ನ ಕಟ್ಟಿ ಹಾಕ್ಕೊಂಡು ಬಂದಿದ್ದು?"

ಸಿನಿಮಾ ಮುಗಿಯುವ ಹೊತ್ತಿಗೆ ಒಂಬತ್ತು ವರ್ಷದ ಹುಡುಗ ಅಪರಾಧಿಯನ್ನು ಹಿಡಿದುಬಿಟ್ಟಿದ್ದ. ಯಾರೂ ಹೇಳಿಕೊಡಲಿಲ್ಲ. ಕಾಂಗ್ ಸತ್ತಿದ್ದಕ್ಕೆ ಆ ಪ್ರಶ್ನೆ ಹುಟ್ಟಿತು. ಕಾಂಗ್ ಬದುಕಿಬಿಟ್ಟರೆ ಡೆನ್ಹ್ಯಾಮ್‌ನನ್ನು ಕೇಳೋದು ಏನು? ಯಾರಿಗೂ ಏನೂ ಆಗ್ಲಿಲ್ವಲ್ಲ! ಟಿಕೆಟ್ ಮಾರಲು ಒಂದು ಜೀವವನ್ನು ಅದರ ನೆಲದಿಂದ ಕಿತ್ತು ತಂದವನ ತಪ್ಪು 'ಹೋಗ್ಲಿ ಬಿಡಿ' ಅನ್ನೋ ಮಟ್ಟಕ್ಕೆ ಇಳಿದುಬಿಡುತ್ತೆ. ಮಕ್ಕಳಿಗೆ ನೋವಾಗದಿರಲಿ ಅಂತ ಮಾಡಿದ ಬದಲಾವಣೆಯಿಂದ ನಿಜವಾಗಿ ಪಾರಾಗಿದ್ದು ಮಕ್ಕಳಲ್ಲ, ಡೆನ್ಹ್ಯಾಮ್.

ಒಂದು ತಮಾಷೆ ಕೇಳಿ. 1938ರಲ್ಲಿ 'ಕಿಂಗ್ ಕಾಂಗ್' ಮರುಬಿಡುಗಡೆ ಆದಾಗ ಸೆನ್ಸಾರಿನವರು ಕತ್ತರಿ ಆಡಿಸಿದ್ರು. ಕಾಂಗ್ ಜನರನ್ನು ಕಚ್ಚೋದು, ತುಳಿಯೋದು, ಆನ್‌ಳ ಬಟ್ಟೆ ಸುಲಿಯೋದು, ಎಲ್ಲಾ ಹೋಯ್ತು. ದಶಕಗಳ ನಂತರವೇ ಅವು ಮರಳಿ ಸೇರಿದ್ದು. ಆದ್ರೆ ಅಷ್ಟು ಕತ್ತರಿ ಪ್ರಿಯರೂ ಕಾಂಗ್‌ನ ಸಾವಿಗೆ ಕೈ ಹಚ್ಚಲಿಲ್ಲ!

ಹಾಗಂತ ಹಳೇ ಚಿತ್ರದ ಒಂದಕ್ಷರವನ್ನೂ ಮುಟ್ಟಬಾರದು ಅನ್ನೋನಲ್ಲ ನಾನು. ದ್ವೀಪದ ಜನರನ್ನು ಅದರಲ್ಲಿ ತೋರಿಸಿದ ರೀತಿ ಇವತ್ತು ನೋಡಿದ್ರೆ ಮುಜುಗರ ಆಗುತ್ತೆ. ನಾಯಕಿಗೆ ಕಿರುಚೋದು ಬಿಟ್ಟು ಹೆಚ್ಚೇನೂ ಕೆಲಸವಿಲ್ಲ. ಅವನ್ನೆಲ್ಲ ಧಾರಾಳವಾಗಿ ಬದಲಾಯಿಸಿ. ಕೊನೆಯನ್ನು ಬದಲಾಯಿಸಿಯೂ ಮರ್ಯಾದೆ ಉಳಿಸಿಕೊಂಡ ಚಿತ್ರಗಳಿವೆ. ಹ್ಯೂಗೋನ 1831ರ ಕಾದಂಬರಿಯಲ್ಲಿ ಎಸ್ಮೆರಾಲ್ಡಾ ನೇಣಿಗೇರ್ತಾಳೆ, ಗೂನ ಕ್ವಾಸಿಮೋಡೋನೂ ಸಾಯ್ತಾನೆ. 1996ರ ಡಿಸ್ನಿ ಚಿತ್ರದಲ್ಲಿ ಇಬ್ಬರೂ ಉಳಿದುಕೊಳ್ತಾರೆ. ಆದ್ರೆ ಅದೇ ಚಿತ್ರದಲ್ಲಿ ನ್ಯಾಯಾಧೀಶ ಫ್ರೊಲೋ ಬೆಂಕಿಯ ಮುಂದೆ ನಿಂತು ತನ್ನ ಕಾಮ, ಕ್ರೌರ್ಯ ಎಲ್ಲಾ ಹೊರಹಾಕುವ ಒಂದು ಹಾಡಿದೆ. ಮೈ ಜುಮ್ಮೆನ್ನುತ್ತೆ. ಪ್ರಾಣ ಉಳಿಸಿದ್ರು ನಿಜ, ಪಾಪ ಯಾರದ್ದು ಅನ್ನೋದನ್ನು ಮುಚ್ಚಿಡಲಿಲ್ಲ. ಹಾಡು ಇರಬೇಕಾದ್ದು ಇಂಥದ್ದಕ್ಕೆ.

"ಹಾಡಿರುವ ಮಕ್ಕಳ ಸಿನಿಮಾದಲ್ಲಿ ಸಾವು ಬೇಡಪ್ಪಾ" ಅನ್ನುವವರಿಗೆ 'ಲಯನ್ ಕಿಂಗ್' (1994) ಸಾಕು. ಮುಫಾಸಾ ಸಾಯೋದು ಅರ್ಧ ಸಿನಿಮಾಕ್ಕೂ ಮೊದಲೇ, ಪುಟ್ಟ ಮಗನ ಕಣ್ಣೆದುರಿಗೇ. ಅಷ್ಟು ದೂರ ಯಾಕೆ, ನಮ್ಮ ಗೋವಿನ ಹಾಡನ್ನೇ ನೋಡಿ. ಹೆಸರಲ್ಲೇ ಹಾಡಿದೆ. ಹಸಿದ ಹುಲಿ ಇದೆ. ತಾಯಿ ಸಾಯಲು ಹೊರಟಿದ್ದಾಳೆ, ಹಾಲು ಕುಡಿಯುವ ಕರು ಇದೆ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತೆ. ಎಷ್ಟು ತಲೆಮಾರಿನ ಕನ್ನಡದ ಮಕ್ಕಳು ಇದನ್ನು ಹಾಡಿ ಅತ್ತಿಲ್ಲ? ಅತ್ತು ಏನು ಹಾಳಾದ್ರು? ಇದನ್ನೇ ಆ ಕ್ಯಾಸೆಟ್ಟಿನವರ ಕೈಗೆ ಕೊಟ್ಟಿದ್ರೆ ಅರ್ಬುತ ಹುಲ್ಲು ತಿನ್ನೋಕೆ ಕಲಿತು ಪುಣ್ಯಕೋಟಿ ಜೊತೆ ಡ್ಯಾನ್ಸ್ ಮಾಡ್ತಿತ್ತು. ಆಗ ಸತ್ಯಕ್ಕೆ ಬೆಲೆ ಏನುಳೀತು ಹೇಳಿ.

ಕಾಂಗ್‌ಗೆ ಹಾಡು ಒಗ್ಗಲ್ಲ ಅಂತಲೂ ಅಲ್ಲ. 2013ರಲ್ಲಿ ಮೆಲ್ಬರ್ನ್‌ನಲ್ಲಿ ಇದೇ ಕತೆಯನ್ನು ರಂಗದ ಮೇಲೆ ಸಂಗೀತ ನಾಟಕ ಮಾಡಿದ್ರು. ಸುಮಾರು ಆರು ಮೀಟರ್ ಎತ್ತರದ ಬೊಂಬೆ, ಅದನ್ನಾಡಿಸಲು ವೇದಿಕೆ ತುಂಬ ಜನ. ಸುತ್ತಲಿನವರು ಹಾಡ್ತಾರೆ, ಕಾಂಗ್ ಹಾಡೋದಿಲ್ಲ. ಸ್ಟೈನರ್ ಕಂಡುಕೊಂಡ ಸತ್ಯವೂ ಇದೇ ಅಲ್ವಾ? ಹಾಡು ಮನುಷ್ಯರಿಗಿರಲಿ. ಡೆನ್ಹ್ಯಾಮ್ ದುಡ್ಡಿನ ಹಾಡು ಹಾಡಲಿ. ಹಸಿವಿನಿಂದ ಅಂಗಡಿಯ ಸೇಬಿಗೆ ಕೈಹಾಕಿ ಸಿಕ್ಕಿಬೀಳುವ ಆನ್ ಹಸಿವಿನ ಹಾಡು ಹಾಡಲಿ. ಕಾಂಗ್ ಗುಟುರು ಹಾಕಲಿ, ಸಾಕು.

ಯಾರಾದ್ರೂ ಮತ್ತೊಮ್ಮೆ ಈ ಕತೆಯನ್ನು ಮಕ್ಕಳಿಗೆ ಹಾಡಾಗಿ ಮಾಡ್ತೀನಿ ಅಂತ ಹೊರಟ್ರೆ ನನ್ನ ಕೋರಿಕೆ ಒಂದೇ. ಬಣ್ಣ ಹಾಕಿ, ಕುಣಿಸಿ, ನಗಿಸಿ, ಒಂದು ಪೆದ್ದು ಕೋತಿಮರಿಯನ್ನು ಬೇಕಾದ್ರೂ ಸೇರಿಸಿ. ಕೊನೆಗೆ ಮಾತ್ರ ಕಾಂಗ್ ಸಾಯಲಿ ಬಿಡಿ. ಮಕ್ಕಳು ಅಳಲಿ, ಎದ್ದು ನಿಂತು "ಸುಳ್ಳು" ಅನ್ನಲಿ.

ನಿಮ್ಮ ಮನೆಯ ಮಕ್ಕಳು ಯಾವ ಸಿನಿಮಾ ನೋಡಿ ಅತ್ತರು? ಅತ್ತ ಮೇಲೆ ಏನು ಕೇಳಿದ್ರು? ಬರೀರಿ, ಕಾಯ್ತಿರ್ತೀನಿ.