ಗಾಳಿಯಂತ್ರದ ಕೆಳಗಿನ ಊರನ್ನೂ ಕೇಳಿ

ಗದಗ ಜಿಲ್ಲೆಯ ನಮ್ಮೂರಿನ ಕಟ್ಟೆಯಲ್ಲಿ ಮಳೆಯ ಮಾತು ಬಂದರೆ ಸಾಕು, ಗುಡ್ಡದ ಮೇಲಿನ ಗಾಳಿಯಂತ್ರಗಳ ಮೇಲೆ ಆರೋಪ ಶುರುವಾಗುತ್ತದೆ. ‘ಈ ಫ್ಯಾನ್ ಬಂದ ಮ್ಯಾಲೆ ಮೋಡ ನಿಲ್ಲೂದ ಇಲ್ಲ ತಮ್ಮಾ, ಎಲ್ಲಾ ಓಡಿಸಿಬಿಡ್ತಾವು’ ಎನ್ನುತ್ತಾರೆ ಹಿರಿಯರು. ಓದಿದವರು ನಗುತ್ತಾರೆ. ಮುಂಗಾರು ನೂರಾರು ಕಿಲೊಮೀಟರ್ ಹರಡಿಕೊಂಡು ಬರುವಂಥದ್ದು, ಅದನ್ನು ಈ ರೆಕ್ಕೆಗಳು ಓಡಿಸಲಾರವು, ನಿಜ. ಆದರೆ ನಕ್ಕು ಸುಮ್ಮನಾದರೆ ಆ ಮಾತಿನ ಹಿಂದಿರುವ ಅಸಮಾಧಾನ ನಮಗೆ ಕೇಳಿಸುವುದೇ ಇಲ್ಲ.

ಯಂತ್ರಕ್ಕೆ ಜಮೀನು ಕೊಟ್ಟವರಿಗೆ ಹಣ ಬಂತು. ಕೆಲವು ಹುಡುಗರಿಗೆ ಕಾವಲು ಕೆಲಸ ಸಿಕ್ಕಿತು. ಗುಡ್ಡದ ಹೊಲಗಳಿಗೆ ಟ್ರ್ಯಾಕ್ಟರ್ ಹೋಗುವ ದಾರಿಯಾಯಿತು. ಇದನ್ನು ಊರು ಮರೆತಿಲ್ಲ. ಆದರೆ ಪಕ್ಕದ ಹೊಲದವರ ಪಾಲಿಗೆ ಬಂದದ್ದು ರಾತ್ರಿಯಿಡೀ ಕೇಳುವ ಸದ್ದು, ಲಾರಿಗಳು ಹಾಳು ಮಾಡಿದ ಬದು, ಬಿಸಿಲಿನಲ್ಲಿ ಅಂಗಳದ ಮೇಲೆ ಸುತ್ತುವ ನೆರಳು. ಯಂತ್ರದ ತುದಿಯ ಕೆಂಪು ದೀಪ ರಾತ್ರಿಯೆಲ್ಲ ಮಿನುಗುತ್ತದೆ. ಕೆಳಗಿನ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಮಾತ್ರ ದಿನಕ್ಕೆ 7 ಗಂಟೆ. ಇಲ್ಲಿ ಹುಟ್ಟಿದ ಕರೆಂಟ್ ಗ್ರಿಡ್‌ಗೆ ಸೇರಿ ಎಲ್ಲೆಡೆ ಹಂಚಿಕೆಯಾಗುತ್ತದೆ ಎಂದು ಊರಿಗೆ ಬಂದು ವಿವರಿಸಿದವರು ಯಾರೂ ಇಲ್ಲ. ವಿವರಣೆ ಇಲ್ಲದ ಕಡೆ ವದಂತಿ ಬೆಳೆಯುತ್ತದೆ.

ಇದು ನಮ್ಮೂರೊಂದರ ದೂರಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳಿಲ್ಲ. ಹೀಗಾಗಿ ದೊಡ್ಡ ಗಣಿಗೋ ಉಷ್ಣ ವಿದ್ಯುತ್ ಸ್ಥಾವರಕ್ಕೋ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆ ಇವಕ್ಕೆ ಕಡ್ಡಾಯವಲ್ಲ. ಹೊಗೆ ಬರುವುದಿಲ್ಲ ಎಂದ ಮಾತ್ರಕ್ಕೆ ಜನರನ್ನು ಕೇಳುವುದೇ ಬೇಡವೇ? ಡೆನ್ಮಾರ್ಕ್ 2009ರಲ್ಲಿ ಜಾರಿಗೆ ತಂದ ಕಾನೂನು, ಹೊಸ ಯೋಜನೆಗಳ ಕನಿಷ್ಠ ಶೇ 20ರಷ್ಟು ಪಾಲನ್ನು ಕೊಳ್ಳುವ ಅವಕಾಶವನ್ನು ಸುತ್ತಲಿನ ನಿವಾಸಿಗಳಿಗೆ ಕೊಡಬೇಕು ಎಂದಿತ್ತು. ಷೇರು ಕೊಳ್ಳುವ ಶಕ್ತಿ ನಮ್ಮ ರೈತರಿಗೆ ಇಲ್ಲದಿರಬಹುದು. ಗ್ರಾಮಸಭೆಯಲ್ಲಿ ಕೂತು ಪ್ರಶ್ನೆ ಕೇಳುವ ಶಕ್ತಿಯಂತೂ ಇದೆ.

ಯಂತ್ರ ಎಲ್ಲಿ ನಿಲ್ಲುತ್ತದೆ, ಮನೆಯಿಂದ ಎಷ್ಟು ದೂರ, ದಾರಿ ಯಾರ ಹೊಲದ ಮೇಲೆ ಹೋಗುತ್ತದೆ, ಪಂಚಾಯಿತಿಗೆ ಏನು ಸಿಗುತ್ತದೆ ಎಂಬುದನ್ನು ಕಾಮಗಾರಿಗೆ ಮೊದಲೇ ಗ್ರಾಮಸಭೆಯಲ್ಲಿ ಹೇಳಲಿ. ಕಲ್ಲಿದ್ದಲಿಗಿಂತ ಗಾಳಿ ಮೇಲು ಎನ್ನುವವರಲ್ಲಿ ನಾನೂ ಒಬ್ಬ. ಊರಿನವರೂ ಅದನ್ನೇ ಹೇಳಬೇಕಾದರೆ, ಮೊದಲು ಅವರ ಮಾತನ್ನು ಕೇಳಬೇಕು.